ಎಸ್ 90 ವರ್ಗದ ಟಾರ್ಪಿಡೊ ದೋಣಿಗಳು: ಒಂದೇ ದಿನದ ಎರಡು ಕಾಳಗಗಳಲ್ಲಿ ಯಾವುದು ಸರಿಯಾದ ಅಳತೆ?

ಅಳಿವೆಬಾಗಿಲು

ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜರ್ಮನಿಯ ನೌಕಾಪಡೆ ಕಟ್ಟಿಸಿದ ಎಸ್ 90 ವರ್ಗದ ಟಾರ್ಪಿಡೊ ದೋಣಿಗಳ (ನೀರಿನಡಿ ಸಾಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೊ ಎಂಬ ಆಯುಧವನ್ನು ಹೊತ್ತ ದೋಣಿಗಳ) ಬಗ್ಗೆ ವಿವರವಾದ ಚರ್ಚೆ ನಡೆಯಬೇಕೆಂಬುದು ನನ್ನ ಬಹುದಿನದ ಆಸೆ. ಮೊದಲ ಹನ್ನೆರಡು ದೋಣಿಗಳು, ಎಂದರೆ ಎಸ್ 90ರಿಂದ ಎಸ್ 101ರವರೆಗಿನವು, ಎಲ್ಬಿಂಗ್ ಪಟ್ಟಣದ ಶಿಖಾವ್ ಹಡಗುಕಟ್ಟೆಯಲ್ಲಿ ತಯಾರಾದವು. ಎಸ್ 90 ನೀರಿಗಿಳಿದದ್ದು 1899ರ ಜುಲೈ ತಿಂಗಳಲ್ಲಿ. ಅದೇ ನಕ್ಷೆಯನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತ, ಹಿಗ್ಗಿಸುತ್ತ 1907ರವರೆಗೆ ಕಟ್ಟಿದವುಗಳನ್ನೆಲ್ಲ ಸೇರಿಸಿಕೊಂಡರೆ ಜಿ 137ರವರೆಗೆ ಒಟ್ಟು 48 ದೋಣಿಗಳಾಗುತ್ತವೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಸೂಚನೆ: ಸಂಖ್ಯೆಯ ಮುಂದಿನ ಅಕ್ಷರ ಕಟ್ಟಿದ ಕಾರ್ಖಾನೆಯದು. ಎಸ್ ಶಿಖಾವ್‌ಗೆ, ಜಿ ಕೀಲ್ ನಗರದ ಗೆರ್ಮಾನಿಯಾಗೆ, ವಿ ಸ್ಟೆಟಿನ್ನಿನ ವುಲ್ಕಾನ್‌ಗೆ ಸಲ್ಲುತ್ತದೆ.

ನಾನು ಕೇಳಬಯಸುವುದು ಈ ದೋಣಿಗಳ ಮೌಲ್ಯಮಾಪನದ ಬಗ್ಗೆ. 1914ರ ಅಕ್ಟೋಬರ್ 17ರಂದು ಹಾಲೆಂಡಿನ ಟೆಕ್ಸೆಲ್ ದ್ವೀಪದ ಹೊರಗೆ ಈ ಮನೆತನದ ನಾಲ್ಕು ದೋಣಿಗಳು, ಎಸ್ 115, ಎಸ್ 117, ಎಸ್ 118 ಮತ್ತು ಎಸ್ 119, ಬ್ರಿಟಿಷ್ ಹಡಗುಗಳ ಕೈಗೆ ಸಿಕ್ಕಿ ಒಂದೇ ಮಧ್ಯಾಹ್ನದಲ್ಲಿ ಮುಳುಗಿದವು. ಅಂದೇ ರಾತ್ರಿ ಜರ್ಮನಿಯ ವಶದಲ್ಲಿದ್ದ ಚೀನಾದ ಚಿಂಗ್‌ಟಾವ್ ಬಂದರಿನಿಂದ ಹೊರಬಿದ್ದ ಎಸ್ 90, ಆ ವರ್ಗಕ್ಕೆಲ್ಲ ಹಿರಿಯದಾದ ಹದಿನೈದು ವರ್ಷ ಹಳೆಯ ದೋಣಿ, ಜಪಾನಿನ ಕ್ರೂಸರ್ ತಕಾಚಿಹೊವನ್ನು ಟಾರ್ಪಿಡೊಗಳಿಂದ ಹೊಡೆದು ಮುಳುಗಿಸಿತು. ಪೂರ್ವ ಪಶ್ಚಿಮಗಳ ಗಡಿಯಾರದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಎರಡು ಘಟನೆಗಳ ನಡುವೆ ಕೆಲವೇ ಗಂಟೆಗಳ ಅಂತರವಿದೆ.

ಒಂದನ್ನು ಮಾತ್ರ ನೋಡಿದವರು ಇವು ಹುಟ್ಟುವಾಗಲೇ ದುರ್ಬಲವಾಗಿದ್ದವು ಎನ್ನುತ್ತಾರೆ, ಇನ್ನೊಂದನ್ನು ಮಾತ್ರ ನೋಡಿದವರು ತಮ್ಮ ಕಾಲದ ಅತ್ಯುತ್ತಮ ವಿನ್ಯಾಸ ಎನ್ನುತ್ತಾರೆ. ಈ ದೋಣಿಯನ್ನು ಯಾವ ಕೆಲಸಕ್ಕೆಂದು ರೂಪಿಸಲಾಯಿತು ಎಂಬುದನ್ನು ಮೊದಲು ತಿಳಿಯದೆ ಎರಡರಲ್ಲಿ ಯಾವ ತೀರ್ಪನ್ನೂ ಕೊಡಲಾಗದು ಎಂಬುದು ನನ್ನ ಅಭಿಪ್ರಾಯ. ಬಲ್ಲವರು ದಯವಿಟ್ಟು ವಿನ್ಯಾಸದಿಂದಲೇ ಆರಂಭಿಸಿ.

ಹಳೆಯ ನಕಾಶೆ

ಅಳಿವೆಬಾಗಿಲು ಅವರೇ, ಪ್ರಶ್ನೆಯನ್ನು ಸರಿಯಾದ ಜಾಗದಿಂದ ಎತ್ತಿದ್ದೀರಿ. ವಿನ್ಯಾಸಕ್ಕೆ ಹೋಗುವ ಮೊದಲು ಅದರ ಹಿಂದಿನ ಹದಿನೈದು ವರ್ಷಗಳ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಎಸ್ 90 ಏಕಾಏಕಿ ಹುಟ್ಟಿಕೊಂಡದ್ದಲ್ಲ.

ಫ್ಯೂಮೆ ಬಂದರಿನಲ್ಲಿ ರಾಬರ್ಟ್ ವೈಟ್‌ಹೆಡ್ 1866ರಲ್ಲಿ ರೂಪಿಸಿದ ಸ್ವಯಂಚಾಲಿತ ಟಾರ್ಪಿಡೊವನ್ನು ಜರ್ಮನಿ ಬಹುಬೇಗ ಕೊಂಡುಕೊಂಡಿತು, ಮುಂದೆ ಬರ್ಲಿನ್ನಿನ ಶ್ವಾರ್ಟ್ಸ್‌ಕಾಫ್ ಕಾರ್ಖಾನೆಯಲ್ಲಿ ಕಂಚಿನ ಟಾರ್ಪಿಡೊಗಳನ್ನು ತಾನೇ ತಯಾರಿಸತೊಡಗಿತು. ಆ ಆಯುಧವನ್ನು ಪಳಗಿಸುವ ಹೊಣೆ ಆಲ್ಫ್ರೆಡ್ ತಿರ್ಪಿಟ್ಸ್ ಎಂಬ ಯುವ ಅಧಿಕಾರಿಯ ಹೆಗಲಿಗೆ ಬಿತ್ತು. ಮುಂದೆ ದೊಡ್ಡ ಯುದ್ಧನೌಕೆಗಳ ಪಡೆಯನ್ನು ಕಟ್ಟಿ ಬ್ರಿಟನ್ನಿಗೆ ಸವಾಲೊಡ್ಡಿದ ತಿರ್ಪಿಟ್ಸ್ ಅವರು ಇವರೇ. ಅವರ ವೃತ್ತಿಜೀವನದ ಬುನಾದಿ ಟಾರ್ಪಿಡೊ ವಿಭಾಗದಲ್ಲಿ ಬಿದ್ದಿತೆಂಬುದನ್ನು ಬಹಳ ಜನ ಮರೆಯುತ್ತಾರೆ. 1883ರಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿ ಬಂದ ಕಾಪ್ರಿವಿ ಭೂಸೇನೆಯ ಜನರಲ್ ಆಗಿದ್ದವರು. ಕಡಿಮೆ ಹಣದಲ್ಲಿ ಕರಾವಳಿಯನ್ನು ಕಾಯುವ ಸಾಧನವಾಗಿ ಅವರು ಟಾರ್ಪಿಡೊ ದೋಣಿಯನ್ನು ಕಂಡರು. 1884ರ ಸುಮಾರಿಗೆ ಹಲವು ಕಾರ್ಖಾನೆಗಳಿಗೆ ಒಂದೊಂದು ಗುಂಪು ದೋಣಿಗಳನ್ನು ಕಟ್ಟಲು ಹೇಳಿ, ಅವುಗಳನ್ನು ಒಟ್ಟಿಗೆ ಕಡಲಿಗಿಳಿಸಿ ಪರೀಕ್ಷಿಸಿದಾಗ ಗೆದ್ದದ್ದು ಎಲ್ಬಿಂಗಿನ ಶಿಖಾವ್. ಅಲ್ಲಿಂದ ಮುಂದೆ ಒಂದು ದಶಕಕ್ಕೂ ಹೆಚ್ಚು ಕಾಲ ಜರ್ಮನಿಯ ಟಾರ್ಪಿಡೊ ದೋಣಿ ಎಂದರೆ ಬಹುತೇಕ ಶಿಖಾವ್ ದೋಣಿಯೇ ಆಗಿತ್ತು.

ಎಲ್ಬಿಂಗ್ ಸಮುದ್ರದ ದಂಡೆಯ ಊರಲ್ಲ ಎಂಬುದನ್ನು ಗಮನಿಸಬೇಕು. ಅದು ಇಂದಿನ ಪೋಲೆಂಡಿನ ಎಲ್ಬ್ಲಾಂಗ್. ಅಲ್ಲಿ ಕಟ್ಟಿದ ದೋಣಿ ಸಣ್ಣ ನದಿಯೊಂದನ್ನು ಇಳಿದು, ಆಳವಿಲ್ಲದ ಹಿನ್ನೀರನ್ನು ದಾಟಿ, ಪಿಲ್ಲಾವ್ ಅಳಿವೆಯ ಮೂಲಕ ಬಾಲ್ಟಿಕ್ ಸಮುದ್ರವನ್ನು ಸೇರಬೇಕಾಗಿತ್ತು. ದೊಡ್ಡ ಹಡಗುಗಳಿಗಾಗಿ ಶಿಖಾವ್ ಕಂಪನಿ ಡಾಂಜಿಗ್‌ನಲ್ಲಿ ಬೇರೆ ಕಾರ್ಖಾನೆಯನ್ನೇ ತೆರೆಯಬೇಕಾಯಿತು. ಎಲ್ಬಿಂಗಿಗೆ ಹೊಂದುತ್ತಿದ್ದದ್ದು ಉದ್ದವಾಗಿ, ಸಪೂರವಾಗಿ, ನೀರಿನಲ್ಲಿ ಹೆಚ್ಚು ಮುಳುಗದ ದೋಣಿಗಳು. ಸ್ಥಾಪಕ ಫರ್ಡಿನಾಂಡ್ ಶಿಖಾವ್ ಅವರ ಅಳಿಯ ಕಾರ್ಲ್ ತ್ಸೀಸೆ ಒಳ್ಳೆಯ ಯಂತ್ರತಜ್ಞರಾಗಿದ್ದರು, ಮೂರು ಹಂತಗಳಲ್ಲಿ ಉಗಿಯನ್ನು ಹಿಗ್ಗಿಸುವ ಎಂಜಿನ್ನುಗಳನ್ನು ಅಲ್ಲಿ ಬೆಳೆಸಿದವರು ಅವರೇ.

ಮೊದಮೊದಲ ದೋಣಿಗಳು ನೂರು ಟನ್ನಿನ ಆಸುಪಾಸಿನವು. ಅವುಗಳ ಗುಂಪನ್ನು ಮುನ್ನಡೆಸಲು ಡಿ 1ರಿಂದ ಡಿ 10ರವರೆಗೆ ಹೆಸರಿಸಲಾದ, ಎರಡು ಮೂರು ಪಟ್ಟು ದೊಡ್ಡದಾದ ನಾಯಕ ದೋಣಿಗಳನ್ನು ಪ್ರತ್ಯೇಕವಾಗಿ ಕಟ್ಟಿಸಿದರು. ಸಣ್ಣ ದೋಣಿಗಳಲ್ಲಿ ನಕ್ಷೆ ಹರಡಲು, ಸಂಜ್ಞೆಗಳನ್ನು ಓದಲು, ಅಧಿಕಾರಿ ನಿಂತು ಸುತ್ತ ನೋಡಲು ಸಾಕಷ್ಟು ಜಾಗವಿರಲಿಲ್ಲ, ಆದ್ದರಿಂದ ಒಬ್ಬ ನಾಯಕನ ಹಿಂದೆ ಆರೇಳು ದೋಣಿಗಳು ಸಾಲಾಗಿ ಸಾಗುತ್ತಿದ್ದವು. ಎಸ್ 90ರ ವಿಶೇಷವೆಂದರೆ ಈ ಎರಡು ಬಗೆಗಳನ್ನು ಒಂದಾಗಿಸಿದ್ದು. ಗುಂಪಿನ ಪ್ರತಿಯೊಂದು ದೋಣಿಯೂ ಹಳೆಯ ನಾಯಕ ದೋಣಿಯಷ್ಟು ದೊಡ್ಡದಾಯಿತು, ಹೊರ ಸಮುದ್ರದಲ್ಲಿ ಯುದ್ಧನೌಕೆಗಳ ಜೊತೆಗೆ ಸಾಗುವಂತಾಯಿತು.

ಅಳತೆಗಳು ಹೀಗಿವೆ: ಉದ್ದ 63 ಮೀಟರ್, ಅಗಲ 7 ಮೀಟರ್, ಪೂರ್ತಿ ತುಂಬಿದಾಗಿನ ತೂಕ 394 ಟನ್, ಎರಡು ಎಂಜಿನ್, ಎರಡು ಪ್ರೊಪೆಲರ್, ಮೂರು ಬಾಯ್ಲರ್, ಸುಮಾರು 5,900 ಅಶ್ವಶಕ್ತಿ, 26 ನಾಟ್‌ಗಿಂತ (ಗಂಟೆಗೆ ಸುಮಾರು 48 ಕಿಲೋಮೀಟರ್) ತುಸು ಹೆಚ್ಚಿನ ವೇಗ, 57 ಮಂದಿ. ಆಯುಧಗಳು 45 ಸೆಂಟಿಮೀಟರಿನ ಮೂರು ಟಾರ್ಪಿಡೊ ನಳಿಕೆಗಳು ಹಾಗೂ 5 ಸೆಂಟಿಮೀಟರಿನ ಮೂರು ಸಣ್ಣ ತೋಪುಗಳು. ಈ ಕೊನೆಯ ಸಾಲನ್ನು ದಯವಿಟ್ಟು ನೆನಪಿನಲ್ಲಿಡಿ, ಚರ್ಚೆ ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ.

ಗದುಗಿನ ಓದುಗ

ಬಹಳ ಉಪಯುಕ್ತವಾದ ವಿವರಣೆ. ನನ್ನದೊಂದು ಸಂದೇಹವಿದೆ. ಅದೇ ವರ್ಷಗಳಲ್ಲಿ ಬ್ರಿಟನ್ ಡಿಸ್ಟ್ರಾಯರ್‌ಗಳನ್ನು ಕಟ್ಟುತ್ತಿತ್ತು, ಗಾತ್ರವೂ ವೇಗವೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಹಾಗಿರುವಾಗ ಜರ್ಮನರದನ್ನು ಬೇರೆಯೇ ಜಾತಿಯ ಹಡಗೆಂದು ಏಕೆ ಪರಿಗಣಿಸಬೇಕು?

ಹಳೆಯ ನಕಾಶೆ

ಗಾತ್ರ ಒಂದೇ ಆದರೂ ಉದ್ದೇಶ ಬೇರೆ. ಹ್ಯಾವಕ್ ಮೊದಲಾದ ಬ್ರಿಟಿಷ್ ಡಿಸ್ಟ್ರಾಯರ್‌ಗಳು 1893ರಿಂದ ಕಡಲಿಗಿಳಿದದ್ದು ಫ್ರಾನ್ಸಿನ ಟಾರ್ಪಿಡೊ ದೋಣಿಗಳನ್ನು ಬೆನ್ನಟ್ಟಿ ತೋಪಿನಿಂದ ಹೊಡೆಯಲೆಂದು. ಅವುಗಳಿಗೆ ತೋಪು ಮುಖ್ಯ, ಟಾರ್ಪಿಡೊ ಆಮೇಲೆ. ಜರ್ಮನರಿಗಾದರೋ ಟಾರ್ಪಿಡೊವೇ ಎಲ್ಲ, ತೋಪು ಇರುವುದು ತಪ್ಪಿಸಿಕೊಳ್ಳುವಾಗ ಒಂದಿಷ್ಟು ಆಸರೆಗೆ.

ದೋಣಿಯ ಮುಂಭಾಗವನ್ನು ಪಕ್ಕದಿಂದ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಬ್ರಿಟಿಷರ ಆಗಿನ ಡಿಸ್ಟ್ರಾಯರ್‌ಗಳ ಮೂತಿ ಆಮೆಯ ಬೆನ್ನಿನಂತೆ ದುಂಡಾಗಿ, ತಗ್ಗಾಗಿ ಇರುತ್ತಿತ್ತು. ಎದುರು ಅಲೆ ಬಂದರೆ ಅದರೊಳಗೆ ತೂರಿಕೊಂಡೇ ಹೋಗಬೇಕಾಗಿತ್ತು, ಹಡಗನ್ನು ನಡೆಸುವ ವೇದಿಕೆಯಾದ ಬ್ರಿಡ್ಜಿನ ಮೇಲಿದ್ದವರು ತೊಯ್ದು ತೊಪ್ಪೆಯಾಗುತ್ತಿದ್ದರು. ಎಸ್ 90ರಲ್ಲಿ ಮುಂಭಾಗದ ಡೆಕ್ಕನ್ನು ಎತ್ತರಿಸಲಾಯಿತು. ಎತ್ತರದ ಆ ಡೆಕ್ಕು ಮುಗಿದ ಕೂಡಲೇ ಹಡಗು ಒಂದು ತಗ್ಗಿಗೆ ಇಳಿಯುತ್ತದೆ, ಆ ತಗ್ಗಿನ ಹಿಂದೆ ಬ್ರಿಡ್ಜು ಏಳುತ್ತದೆ. ಎತ್ತರದ ಮೂತಿಗೂ ಬ್ರಿಡ್ಜಿಗೂ ನಡುವಿನ ಈ ತಗ್ಗಿನಲ್ಲಿ, ತಿರುಗುವ ಪೀಠದ ಮೇಲೆ, ಮೊದಲ ಟಾರ್ಪಿಡೊ ನಳಿಕೆಯನ್ನು ಕೂರಿಸಿದರು. ಉಳಿದೆರಡು ನಳಿಕೆಗಳು ಹಿಂದಕ್ಕೆ, ಮಧ್ಯರೇಖೆಯ ಮೇಲೆ ಇದ್ದವು.

ಹಡಗಿನ ಅತ್ಯಂತ ಬೆಲೆಯುಳ್ಳ ಜಾಗವನ್ನು, ಬೇರೆಯವರು ತೋಪಿಗೆ ಮೀಸಲಿಡುತ್ತಿದ್ದ ಜಾಗವನ್ನು, ಜರ್ಮನರು ಟಾರ್ಪಿಡೊಗೆ ಕೊಟ್ಟರು. ಶತ್ರುವಿನತ್ತ ನೇರವಾಗಿ ನುಗ್ಗುತ್ತಿರುವಾಗಲೇ, ದೋಣಿಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸದೆ, ಮುಂದಿನ ಎಡಕ್ಕೋ ಬಲಕ್ಕೋ ಟಾರ್ಪಿಡೊ ಬಿಡಬಹುದಿತ್ತು. ಬ್ರಿಡ್ಜಿನ ಮೇಲೆ ನಿಂತ ಅಧಿಕಾರಿಗೂ ನಳಿಕೆಯ ಬಳಿಯಿರುವ ನಾವಿಕನಿಗೂ ನಡುವೆ ಕೂಗಿದರೆ ಕೇಳಿಸುವಷ್ಟೇ ದೂರ. ಜರ್ಮನಿಯ ಟಾರ್ಪಿಡೊ ದೋಣಿಗಳು ಮೊದಲ ಮಹಾಯುದ್ಧದ ಹೊತ್ತಿನವರೆಗೂ ಈ ಆಕಾರವನ್ನು ಬಿಡಲಿಲ್ಲ. ಇದರಲ್ಲಿ ತೊಂದರೆಯೂ ಇತ್ತು: ಒರಟು ಸಮುದ್ರದಲ್ಲಿ ಆ ತಗ್ಗಿನೊಳಗೆ ನೀರು ತುಂಬಿಕೊಳ್ಳುತ್ತಿತ್ತು, ಆಗ ಅಲ್ಲಿ ನಿಂತು ಕೆಲಸ ಮಾಡುವುದು ಅಪಾಯಕರವಾಗಿತ್ತು.

ಎತ್ತರದ ಮೂತಿಯ ಗುಣವನ್ನು ಬ್ರಿಟಿಷರು ಗಮನಿಸಿದರು. 1903ರಿಂದ ಬಂದ ಅವರ ರಿವರ್ ವರ್ಗದ ಡಿಸ್ಟ್ರಾಯರ್‌ಗಳಲ್ಲಿ ಆಮೆಯ ಬೆನ್ನು ಹೋಗಿ ಎತ್ತರದ ಮುಂಭಾಗ ಬಂತು, 30 ನಾಟ್ ವೇಗದ ಹಟವನ್ನೂ ಬಿಟ್ಟು 25.5 ನಾಟ್‌ಗೆ ತೃಪ್ತಿಪಟ್ಟರು. ಶಾಂತ ನೀರಿನಲ್ಲಿ, ಹಗುರವಾದ ಹಡಗಿನಲ್ಲಿ ದಾಖಲಿಸಿದ ವೇಗಕ್ಕೆ ಯುದ್ಧದಲ್ಲಿ ಬೆಲೆಯಿಲ್ಲವೆಂಬ ಅರಿವು ಅವರಿಗೆ ಆ ಹೊತ್ತಿಗೆ ಬಂದಿತ್ತು.

ಉಗಿಮನೆ

ನಾನು ವಾಣಿಜ್ಯ ಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ವೃತ್ತಿಯ ಆರಂಭದಲ್ಲಿ, ಹೂಳೆತ್ತುವ ಹಳೆಯ ಡ್ರೆಜರ್ ಒಂದರಲ್ಲಿ, ಮೂರು ಸಿಲಿಂಡರಿನ ಉಗಿಯಂತ್ರದ ಜೊತೆಗೆ ಕೆಲಸ ಮಾಡುವ ಅವಕಾಶ ಸಿಕ್ಕಿತ್ತು. ಎಸ್ 90ರ ಅಂಕಿಅಂಶಗಳನ್ನು ಓದುವಾಗ ನನ್ನ ಗಮನ ಡೆಕ್ಕಿನ ಕೆಳಕ್ಕೇ ಹೋಗುತ್ತದೆ, ಆದ್ದರಿಂದ ಆ ಭಾಗವನ್ನು ನಾನು ಬರೆಯುತ್ತೇನೆ.

ಏಳು ಮೀಟರ್ ಅಗಲದ ದೋಣಿಯಲ್ಲಿ ಸುಮಾರು ಮೂರು ಸಾವಿರ ಅಶ್ವಶಕ್ತಿಯ ಎರಡು ಎಂಜಿನ್ನುಗಳನ್ನು ಇಟ್ಟರೆ ಮನುಷ್ಯನಿಗೆ ಉಳಿಯುವ ಜಾಗ ಎಷ್ಟೆಂದು ಊಹಿಸಿಕೊಳ್ಳಿ. ಮೊಣಕೈ ಎತ್ತರದಲ್ಲಿ ಕ್ರ್ಯಾಂಕುಗಳು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿರುತ್ತವೆ. ಬೇರಿಂಗ್ ಬಿಸಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಆ ಕಾಲದಲ್ಲಿ ಇದ್ದ ಉಪಾಯವೆಂದರೆ ಕೈ. ತಿರುಗುವ ಕ್ರ್ಯಾಂಕಿನ ತಾಳಕ್ಕೆ ತೋಳನ್ನು ಹೊಂದಿಸಿಕೊಂಡು, ಅದು ಮೇಲಕ್ಕೆ ಬಂದ ಗಳಿಗೆಯಲ್ಲಿ ಅಂಗೈಯಿಂದ ಸವರಿ, ಮರುಕ್ಷಣ ಹಿಂದಕ್ಕೆ ಸೆಳೆದುಕೊಳ್ಳಬೇಕು. ನಿಧಾನವಾಗಿ ತಿರುಗುವ ಡ್ರೆಜರ್ ಎಂಜಿನ್ನಿನಲ್ಲಿ ನಾನು ಇದನ್ನು ಕಲಿತೆ, ಹಿರಿಯರು ನಿಂತು ಹೇಳಿಕೊಟ್ಟರು. ಅದೇ ಕೆಲಸವನ್ನು ಅಲೆಗಳ ಮೇಲೆ ಹೊಯ್ದಾಡುವ ದೋಣಿಯಲ್ಲಿ, ಅದರ ಹಲವು ಪಟ್ಟು ವೇಗದಲ್ಲಿ ಮಾಡುವವರ ಬಗ್ಗೆ ನನಗೆ ಅಪಾರ ಗೌರವವಿದೆ.

ಬಾಯ್ಲರ್ ಕೋಣೆಯ ಸ್ಥಿತಿ ಇನ್ನೂ ಕಠಿಣ. ಸಹಜವಾದ ಗಾಳಿಯ ಎಳೆತದಿಂದ ಅಷ್ಟು ಉಗಿ ಏಳುವುದಿಲ್ಲವಾದ್ದರಿಂದ ಕೋಣೆಯನ್ನು ಪೂರ್ತಿ ಮುಚ್ಚಿ, ದೊಡ್ಡ ಫ್ಯಾನುಗಳಿಂದ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತಿದ್ದರು. ಒತ್ತಡದ ಗಾಳಿಗೆ ಹೊರಹೋಗಲು ಒಲೆಯ ಬೆಂಕಿಯ ಮೂಲಕವಲ್ಲದೆ ಬೇರೆ ದಾರಿಯಿಲ್ಲ, ಬೆಂಕಿ ಬೆಳ್ಳಗೆ ಉರಿಯುತ್ತದೆ. ಒಳಗಿದ್ದವರು ಹೊರಬರಬೇಕಾದರೆ ಎರಡು ಬಾಗಿಲುಗಳ ನಡುವಿನ ಸಣ್ಣ ಗೂಡಿನಲ್ಲಿ ನಿಂತು, ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಬಾಯ್ಲರಿನ ಒಂದು ನಳಿಕೆ ಒಡೆದರೂ ಉಗಿ ಕೋಣೆಯನ್ನು ತುಂಬುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹಡಗಿನ ಹೊರಗೆ ಏನು ನಡೆಯುತ್ತಿದೆ ಎಂಬುದು ಕಲ್ಲಿದ್ದಲು ಎರಚುವವರಿಗೆ ಬ್ರಿಡ್ಜಿನ ಆಜ್ಞೆಯನ್ನು ಕೆಳಕ್ಕೆ ತಲುಪಿಸುವ ಟೆಲಿಗ್ರಾಫಿನ ಗಂಟೆಯಿಂದಲ್ಲದೆ ತಿಳಿಯುವಂತಿರಲಿಲ್ಲ.

ಇದಕ್ಕೂ ಯುದ್ಧತಂತ್ರಕ್ಕೂ ನೇರವಾದ ಸಂಬಂಧವಿದೆ. ರಾತ್ರಿ ಪೂರ್ಣವೇಗದಲ್ಲಿ ಓಡಿದರೆ ಚಿಮಣಿಯ ಬಾಯಿಂದ ಕಿಡಿಗಳೂ ಜ್ವಾಲೆಯೂ ಏಳುತ್ತವೆ, ಮೈಲುಗಟ್ಟಲೆ ದೂರದಿಂದ ಶತ್ರುವಿಗೆ ಕಾಣುತ್ತದೆ. ಆದ್ದರಿಂದ ಗುಟ್ಟಾಗಿ ಸಮೀಪಿಸಬೇಕಾದ ದೋಣಿ ತನ್ನ ವೇಗವನ್ನು ಬಳಸುವಂತಿಲ್ಲ, ಮೆಲ್ಲಗೆ ಸಾಗಬೇಕು. ದೋಣಿಗಳಿಗೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದು, ಒಡಲನ್ನು ತಗ್ಗಾಗಿ ಇಟ್ಟದ್ದು, ಎಲ್ಲವೂ ಕಾಣಿಸಿಕೊಳ್ಳದೆ ಹತ್ತಿರ ಹೋಗುವುದಕ್ಕೆ. 26 ನಾಟ್ ವೇಗ ಬೇಕಾಗುತ್ತಿದ್ದದ್ದು ಟಾರ್ಪಿಡೊ ಬಿಟ್ಟ ಮೇಲೆ.

ಸಮುದ್ರವೇ ಶತ್ರುವಾದ ಪ್ರಸಂಗಗಳನ್ನೂ ಮರೆಯಬಾರದು. 1897ರ ಸೆಪ್ಟೆಂಬರ್ 22ರಂದು ಕುಕ್ಸ್‌ಹಾಫೆನ್ ಬಳಿ, ಎಲ್ಬ್ ನದಿಯ ಮುಖದಲ್ಲಿ, ಹಳೆಯ ಸಣ್ಣ ವರ್ಗದ ಎಸ್ 26 ದೋಣಿ ಬಿರುಸಾದ ಅಲೆಗಳಿಗೆ ಸಿಕ್ಕಿ ಮಗುಚಿತು. ಅದರ ಕಮಾಂಡರ್ ಆಗಿದ್ದ ಮೆಕ್ಲೆನ್‌ಬುರ್ಗ್ ಶ್ವೆರಿನ್ ರಾಜಮನೆತನದ ಫ್ರೀಡ್ರಿಶ್ ವಿಲ್ಹೆಲ್ಮ್ ತನ್ನ ಕೆಲವು ನಾವಿಕರೊಂದಿಗೆ ಅಲ್ಲಿಯೇ ಮುಳುಗಿ ತೀರಿಕೊಂಡ. ಆಗ ಆತನಿಗೆ ಇಪ್ಪತ್ತಾರು ವರ್ಷ. ಮರುವರ್ಷವೇ ಎಸ್ 90ರ ಕೆಲಸ ಶುರುವಾದದ್ದನ್ನು ನೋಡಿದರೆ ದೊಡ್ಡ ಗಾತ್ರ, ಎತ್ತರದ ಮೂತಿ ಎಷ್ಟು ಅಗತ್ಯವಾಗಿದ್ದವೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಶರಾವತಿ ದಡ

ಉಗಿಮನೆ ಸರ್, ನಿಮ್ಮ ಬರಹಕ್ಕೆ ಕೃತಜ್ಞತೆಗಳು. ಆದರೆ ಚರ್ಚೆ ಒಂದೇ ದಿಕ್ಕಿಗೆ ವಾಲುತ್ತಿದೆ ಎನಿಸುವುದರಿಂದ ಪ್ರತಿವಾದವೊಂದನ್ನು ಮಂಡಿಸುತ್ತೇನೆ.

ತಕಾಚಿಹೊವನ್ನು ಈ ವರ್ಗದ ಯಶಸ್ಸಿಗೆ ಸಾಕ್ಷಿಯಾಗಿ ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಕಂಪನಿ ಕಟ್ಟಿ 1885ರಲ್ಲಿ ನೀರಿಗಿಳಿಸಿದ ಹಡಗು ಅದು. 1894ರ ಯಾಲು ಕಾಳಗದಲ್ಲಿ, 1904ರ ಉಲ್ಸಾನ್ ಕಾಳಗದಲ್ಲಿ ಅದು ಸಾಕಷ್ಟು ಹೆಸರು ಮಾಡಿತ್ತು ನಿಜ. ಆದರೆ 1914ರ ಹೊತ್ತಿಗೆ ಅದಕ್ಕೆ ಇಪ್ಪತ್ತೊಂಬತ್ತು ವರ್ಷವಾಗಿತ್ತು, ದಿಗ್ಬಂಧನದ ಕಾವಲಿಗೂ ಮೈನುಗಳ (ಹಡಗುಗಳನ್ನು ಒಡೆಯಲು ನೀರಿನಲ್ಲಿ ಇಡುವ ಸ್ಫೋಟಕಗಳ) ಸಾಗಣೆಗೂ ಬಳಕೆಯಾಗುತ್ತಿತ್ತು. ಒಡಲಲ್ಲಿ ಮೈನುಗಳನ್ನು ಹೊತ್ತುಕೊಂಡು ಕತ್ತಲಲ್ಲಿದ್ದ ಮುದಿ ಹಡಗನ್ನು ಹೊಡೆದದ್ದರಿಂದ ಎಸ್ 90ರ ವಿನ್ಯಾಸ ಉತ್ತಮವೆಂದು ಸಾಬೀತಾಗುವುದಿಲ್ಲ. ಅಂದು ಅಲ್ಲಿ ಎಚ್ಚರದಿಂದಿದ್ದ ಹೊಸ ಡಿಸ್ಟ್ರಾಯರ್ ಒಂದು ಎದುರಾಗಿದ್ದರೆ ಫಲಿತಾಂಶ ಬೇರೆಯಾಗಿರುತ್ತಿತ್ತು.

ಟೆಕ್ಸೆಲ್ ಬಳಿ ಅಂಥ ಡಿಸ್ಟ್ರಾಯರ್‌ಗಳೇ ಎದುರಾದವು, ಮತ್ತು ನಾಲ್ಕೂ ದೋಣಿಗಳು ಹೋದವು. ಸಮಬಲರ ನಡುವಿನ ಪರೀಕ್ಷೆಯಲ್ಲಿ ಗೆಲ್ಲಲಾರದ ಹಡಗನ್ನು ಒಳ್ಳೆಯ ಹಡಗೆಂದು ಹೇಗೆ ಕರೆಯುವುದು?

ಅಳಿವೆಬಾಗಿಲು

ಶರಾವತಿ ದಡ ಅವರೇ, ತಕಾಚಿಹೊ ಹಳೆಯದಾಗಿತ್ತು, ಮೈನುಗಳಿದ್ದವು ಎಂಬೆರಡೂ ನಿಜ. ಆದರೆ ಆ ರಾತ್ರಿಯನ್ನು ಮೊದಲಿನಿಂದ ನೋಡಿದರೆ ಸಾಕ್ಷ್ಯ ಬೇರೆ ಕಡೆ ಇದೆಯೆಂದು ನಿಮಗೂ ಕಾಣಬಹುದು.

1900ರಲ್ಲಿ ಚೀನಾದ ಬಾಕ್ಸರ್ ದಂಗೆಯ ಕಾಲಕ್ಕೆ ಎಸ್ 90, ಎಸ್ 91 ಮತ್ತು ಎಸ್ 92 ಮೂರನ್ನೂ ಪೂರ್ವಕ್ಕೆ ಕಳುಹಿಸಲಾಯಿತು. ಉಳಿದೆರಡು ಮರಳಿದವು, ಎಸ್ 90 ಅಲ್ಲಿಯೇ ಉಳಿಯಿತು. ಅದೇ ದಂಗೆಯಲ್ಲಿ, 1900ರ ಜೂನ್ 17ರಂದು, ಶಿಖಾವ್‌ನಲ್ಲಿಯೇ ಚೀನಾಕ್ಕಾಗಿ ಕಟ್ಟಿದ್ದ ನಾಲ್ಕು ಡಿಸ್ಟ್ರಾಯರ್‌ಗಳನ್ನು ಟಾಕು ಬಳಿ ಬ್ರಿಟಿಷ್ ನಾವಿಕರು ಹಿಡಿದುಕೊಂಡಾಗ ಒಂದು ಜರ್ಮನಿಯ ಪಾಲಿಗೂ ಬಂತು. ಅದಕ್ಕೆ ಟಾಕು ಎಂದೇ ಹೆಸರಿಟ್ಟು ಅದನ್ನೂ ಚಿಂಗ್‌ಟಾವ್‌ನಲ್ಲಿ ಇರಿಸಿಕೊಂಡಿದ್ದರು.

1914ರ ಆಗಸ್ಟ್‌ನಲ್ಲಿ ಯುದ್ಧ ಬಂದು, ಮುಖ್ಯ ನೌಕಾದಳ ಅದಾಗಲೇ ಪೆಸಿಫಿಕ್ ಕಡೆಗೆ ಹೊರಟುಹೋಗಿದ್ದು, ಎಮ್ಡೆನ್ ಎಂಬ ಕ್ರೂಸರ್ ಹಿಂದೂ ಮಹಾಸಾಗರಕ್ಕೆ ಇಳಿದ ಮೇಲೆ ಚಿಂಗ್‌ಟಾವ್‌ನಲ್ಲಿ ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಹಡಗುಗಳು. ಆಗಸ್ಟ್ 22ರಂದೇ ಎಸ್ 90ಕ್ಕೆ ಒಂದು ಪರೀಕ್ಷೆ ಎದುರಾಯಿತು. ಬಂದರಿನ ಹೊರಗೆ ಬ್ರಿಟಿಷ್ ಡಿಸ್ಟ್ರಾಯರ್ ಕೆನೆಟ್ ಅದನ್ನು ಬೆನ್ನಟ್ಟಿತು. ಕೆನೆಟ್ ಮೇಲೆ ಹೇಳಿದ ರಿವರ್ ವರ್ಗದ್ದೇ, ಅದರ ತೋಪುಗಳು ಎಸ್ 90ರ ತೋಪುಗಳಿಗಿಂತ ದೊಡ್ಡವು. ಎಸ್ 90 ಗುಂಡು ಹಾರಿಸುತ್ತ ತನ್ನ ಕರಾವಳಿ ಕೋಟೆಗಳ ತೋಪಿನಳತೆಯ ಕಡೆಗೆ ಸರಿಯಿತು. ಕೆನೆಟ್ ಏಟು ತಿಂದು, ಸಾವುನೋವುಗಳನ್ನು ಅನುಭವಿಸಿ ಹಿಂದೆಗೆಯಬೇಕಾಯಿತು. ಹಗಲಲ್ಲಿ ತೋಪಿನ ಕಾಳಗಕ್ಕೆ ಇಳಿಯುವ ಬದಲು ಆಸರೆಯ ಕಡೆಗೆ ಸೆಳೆಯುವುದು ಜಾಣತನ ಎಂಬುದು ಕಮಾಂಡರ್ ಹೆಲ್ಮುಟ್ ಬ್ರೂನರ್ ಅವರಿಗೆ ಗೊತ್ತಿತ್ತು.

ಅಕ್ಟೋಬರ್ ಮಧ್ಯದ ವೇಳೆಗೆ ನಗರವನ್ನು ನೆಲದಿಂದಲೂ ಕಡಲಿನಿಂದಲೂ ಸುತ್ತುವರಿಯಲಾಗಿತ್ತು. 17ರ ಕತ್ತಲಾದ ಮೇಲೆ ಎಸ್ 90 ದೀಪಗಳನ್ನು ಆರಿಸಿಕೊಂಡು ಹೊರಟಿತು. ದಿಗ್ಬಂಧನಕ್ಕೆ ನಿಂತಿದ್ದ ಜಪಾನಿನ ಸಣ್ಣ ಕಾವಲು ಹಡಗುಗಳನ್ನು ಅದು ಯಾರ ಕಣ್ಣಿಗೂ ಬೀಳದೆ ದಾಟಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಸಂಗದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಇದೇ. ಉಗಿಮನೆ ಸರ್ ಹೇಳಿದ ಕಪ್ಪು ಬಣ್ಣ, ತಗ್ಗಾದ ಒಡಲು, ಕಿಡಿಯೇಳದಂಥ ನಿಧಾನ ನಡೆ, ಎಲ್ಲವೂ ಇಲ್ಲಿ ಕೆಲಸಕ್ಕೆ ಬಂದವು. ನಡುರಾತ್ರಿ ಕಳೆದ ಮೇಲೆ ತಕಾಚಿಹೊ ಎದುರಾಯಿತು. ಬ್ರೂನರ್ ಸಮೀಪಕ್ಕೆ ಹೋಗಿ, ಇದ್ದ ಮೂರು ನಳಿಕೆಗಳಿಂದ ಮೂರು ಟಾರ್ಪಿಡೊಗಳನ್ನು ಬಿಟ್ಟರು. ಮೈನುಗಳೂ ಹೊತ್ತಿಕೊಂಡು ಹಡಗು ಸಿಡಿದುಹೋಯಿತು, 271 ಮಂದಿ ಜಪಾನೀ ನಾವಿಕರು ಸತ್ತರು. ಇಷ್ಟೊಂದು ಜನ ಒಂದೆರಡು ನಿಮಿಷಗಳಲ್ಲಿ ಇಲ್ಲವಾದರು ಎಂಬುದನ್ನು ಬರೆಯುವಾಗ ವಿನ್ಯಾಸದ ಮಾತು ಸಣ್ಣದಾಗಿ ತೋರುತ್ತದೆ.

ಆಮೇಲೆ ಎಸ್ 90 ಬಂದರಿಗೆ ಮರಳುವಂತಿರಲಿಲ್ಲ. ಅದು ನೈಋತ್ಯಕ್ಕೆ ಓಡಿ, ಚೀನಾದ ದಂಡೆಗೆ ತಾಗಿ ನಿಂತಿತು. ನಾವಿಕರು ದೋಣಿಯನ್ನು ತಾವೇ ನಾಶಪಡಿಸಿ ನೆಲಕ್ಕಿಳಿದರು. ಆಗ ತಟಸ್ಥವಾಗಿದ್ದ ಚೀನಾ ಅವರನ್ನು ನಾನ್‌ಕಿಂಗ್‌ನಲ್ಲಿ ಬಂಧನದಲ್ಲಿರಿಸಿತು. ಚಿಂಗ್‌ಟಾವ್ ನವೆಂಬರ್ 7ರಂದು ಶರಣಾಯಿತು.

ಎದುರಾಳಿ ಹಳೆಯದಾಗಿದ್ದರೂ ಆ ಕಾವಲನ್ನು ದಾಟಿದ್ದು ದೋಣಿಯ ಗುಣದಿಂದ ಮತ್ತು ಅದನ್ನು ಹದವರಿತು ನಡೆಸಿದವರ ಗುಣದಿಂದ. ಹೊಸ ಕ್ರೂಸರ್ ಅಲ್ಲಿದ್ದಿದ್ದರೂ ಆ ಅಂತರದಿಂದ ಬಂದ ಟಾರ್ಪಿಡೊಗಳನ್ನು ತಪ್ಪಿಸಿಕೊಳ್ಳಲು ಅದಕ್ಕೆ ವ್ಯವಧಾನ ಸಿಗುತ್ತಿರಲಿಲ್ಲ.

ಗದುಗಿನ ಓದುಗ

ಒಂದು ಪೂರಕ ಮಾಹಿತಿ. ಆ ಮುತ್ತಿಗೆಯಲ್ಲಿ ಜಪಾನಿನ ಸೇನೆಯ ಜೊತೆಗೆ ಬ್ರಿಟಿಷ್ ಪಡೆಯ ಭಾಗವಾಗಿ ಭಾರತೀಯ ಸೇನೆಯ 36ನೇ ಸಿಖ್ ದಳದ ಸೈನಿಕರೂ ಇದ್ದರು. ಎಮ್ಡೆನ್ ಸೆಪ್ಟೆಂಬರ್ 22ರಂದು ಮದ್ರಾಸಿನ ಎಣ್ಣೆ ತೊಟ್ಟಿಗಳ ಮೇಲೆ ಗುಂಡು ಹಾರಿಸಿದ್ದು ನಮ್ಮಲ್ಲಿ ಬಹುತೇಕ ಎಲ್ಲರಿಗೂ ಗೊತ್ತು. ಅದು ಹೊರಟುಬಂದ ಬಂದರಿನ ಕೊನೆಯ ದಿನಗಳಲ್ಲಿ ನಮ್ಮ ದೇಶದವರು ಕಂದಕಗಳಲ್ಲಿ ನಿಂತಿದ್ದರೆಂಬುದೂ ಗೊತ್ತಿರಬೇಕು.

ಹಳೆಯ ನಕಾಶೆ

ಈಗ ಟೆಕ್ಸೆಲ್ ವಿಷಯಕ್ಕೆ ಬರೋಣ. ಶರಾವತಿ ದಡ ಅವರು ಅದನ್ನು ಸಮಬಲರ ಪರೀಕ್ಷೆ ಎಂದಿದ್ದಾರೆ, ಅದನ್ನು ನಾನು ಒಪ್ಪಲಾರೆ.

ಗೇಯೋರ್ಗ್ ಟೀಲೆ ಅವರ ನೇತೃತ್ವದಲ್ಲಿ ಹೊರಟ ಆ ನಾಲ್ಕು ದೋಣಿಗಳಿಗೆ ಕೊಟ್ಟ ಕೆಲಸ ಥೇಮ್ಸ್ ನದಿಯ ಮುಖದ ಕಡೆ ಮೈನುಗಳನ್ನು ಇಡುವುದು. ಟಾರ್ಪಿಡೊ ದಾಳಿಗೆಂದು ಕಟ್ಟಿದ ದೋಣಿಗಳನ್ನು ಮೈನು ಹೊರುವ ಕೆಲಸಕ್ಕೆ, ಹಾಡಹಗಲಲ್ಲಿ, ತಮ್ಮ ದೊಡ್ಡ ಹಡಗುಗಳ ಬೆಂಬಲವಿಲ್ಲದೆ, ಬ್ರಿಟಿಷ್ ಹಾರ್ವಿಚ್ ಪಡೆಯ ಬಾಗಿಲ ಮುಂದಿನಿಂದ ಕಳುಹಿಸಲಾಯಿತು. ಅದೇ ಕೆಲಸಕ್ಕೆ ಹೋದ ಕೋನಿಗಿನ್ ಲೂಯಿಸೆ ಎಂಬ ಹಡಗು ಯುದ್ಧದ ಮೊದಲ ವಾರದಲ್ಲೇ, ಆಗಸ್ಟ್ 5ರಂದು, ಮುಳುಗಿತ್ತು.

ಮಧ್ಯಾಹ್ನ ಎದುರಾದದ್ದು ಅನ್‌ಡಾಂಟೆಡ್ ಎಂಬ ಹೊಸ ಲಘು ಕ್ರೂಸರ್, ಜೊತೆಗೆ ಲ್ಯಾನ್ಸ್, ಲೆನಾಕ್ಸ್, ಲೀಜನ್, ಲಾಯಲ್ ಎಂಬ ನಾಲ್ಕು ಹೊಸ ಡಿಸ್ಟ್ರಾಯರ್‌ಗಳು. ಒಂದೊಂದು ಡಿಸ್ಟ್ರಾಯರಿನಲ್ಲೂ 4 ಇಂಚಿನ, ಎಂದರೆ ಸುಮಾರು 10 ಸೆಂಟಿಮೀಟರಿನ, ಮೂರು ತೋಪುಗಳಿದ್ದವು. ಕ್ರೂಸರಿನಲ್ಲಿ 6 ಇಂಚಿನವೂ ಇದ್ದವು. ಎದುರಿಗೆ ಜರ್ಮನರದ್ದು 5 ಸೆಂಟಿಮೀಟರಿನ ತೋಪುಗಳು. ಬ್ರಿಟಿಷರು ತಮ್ಮ ಗುಂಡು ಮುಟ್ಟುವ, ಶತ್ರುವಿನದು ಸರಿಯಾಗಿ ಮುಟ್ಟದ ದೂರವನ್ನು ಆರಿಸಿಕೊಳ್ಳಬಹುದಾಗಿತ್ತು. ಓಡಿ ಪಾರಾಗೋಣವೆಂದರೆ ಹತ್ತು ಹನ್ನೆರಡು ವರ್ಷ ಸವೆದ ಎಂಜಿನ್ನುಗಳಿಗೆ ಬೆನ್ನಟ್ಟುವವರಷ್ಟು ವೇಗವಿರಲಿಲ್ಲ. ಕೊನೆಗೆ ಜರ್ಮನರು ತಿರುಗಿ ನಿಂತು ಟಾರ್ಪಿಡೊಗಳನ್ನು ಬಿಟ್ಟರು. ಹಗಲಿನ ಬೆಳಕಿನಲ್ಲಿ ಅವು ಬರುವುದನ್ನು ನೋಡಿ ತಪ್ಪಿಸಿಕೊಳ್ಳುವುದು ಬ್ರಿಟಿಷರಿಗೆ ಕಷ್ಟವಾಗಲಿಲ್ಲ. ಸಂಜೆಯ ಹೊತ್ತಿಗೆ ನಾಲ್ಕೂ ಮುಳುಗಿದ್ದವು. ಟೀಲೆ ಅವರೂ ಸೇರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಬ್ರಿಟಿಷರ ಕಡೆ ಗಾಯಗೊಂಡವರು ಬೆರಳೆಣಿಕೆಯಷ್ಟು ಮಾತ್ರ. ಅನ್‌ಡಾಂಟೆಡ್‌ನ ಕ್ಯಾಪ್ಟನ್ ಸೆಸಿಲ್ ಫಾಕ್ಸ್ ಅವರ ಹಿಂದಿನ ಹಡಗು ಆಂಫಿಯನ್ ಆಗಸ್ಟ್ 6ರಂದು ಮುಳುಗಿದ್ದು ಅದೇ ಕೋನಿಗಿನ್ ಲೂಯಿಸೆ ಇಟ್ಟ ಮೈನುಗಳಿಂದ ಎಂಬುದನ್ನೂ ಇಲ್ಲಿ ಹೇಳಬೇಕು, ಮೈನು ಇಡಲು ಬಂದವರನ್ನು ಅವರು ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ.

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಎಸ್ 119ರಿಂದ ಗುಪ್ತ ದಾಖಲೆಗಳ ಪೆಟ್ಟಿಗೆಯೊಂದನ್ನು ಸಮುದ್ರಕ್ಕೆ ಎಸೆದಿದ್ದರು. ನವೆಂಬರ್ 30ರಂದು ಬ್ರಿಟಿಷ್ ಮೀನುಗಾರಿಕಾ ಹಡಗೊಂದರ ಬಲೆಗೆ ಅದು ಸಿಕ್ಕಿತು. ಅದರಲ್ಲಿದ್ದ ಸಂಕೇತಪುಸ್ತಕ ಲಂಡನ್ನಿನ ನೌಕಾ ಕಚೇರಿಯಲ್ಲಿ ಶತ್ರುವಿನ ಗುಪ್ತ ಸಂದೇಶಗಳನ್ನು ಬಿಡಿಸುವ ವಿಭಾಗವಾದ 40ನೇ ಕೊಠಡಿಗೆ ತಲುಪಿತು. ಆಗಸ್ಟ್‌ನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮಾಗ್ಡೆಬುರ್ಗ್ ಕ್ರೂಸರಿನಿಂದ ರಷ್ಯನ್ನರಿಗೆ ಒಂದು, ಆಸ್ಟ್ರೇಲಿಯಾದಲ್ಲಿ ಹಿಡಿದ ಹೋಬಾರ್ಟ್ ಎಂಬ ವಾಣಿಜ್ಯ ಹಡಗಿನಿಂದ ಇನ್ನೊಂದು ಪುಸ್ತಕ ಸಿಕ್ಕಿದ್ದವು, ಇದು ಮೂರನೆಯದು. ಜರ್ಮನಿಯ ನೌಕಾ ಸಂದೇಶಗಳನ್ನು ಬ್ರಿಟಿಷರು ಓದುವಂತಾದದ್ದು ಈ ಮೂರರಿಂದ. ನಾಲ್ಕು ಹಳೆಯ ದೋಣಿಗಳನ್ನು ತಕ್ಕದ್ದಲ್ಲದ ಕೆಲಸಕ್ಕೆ ಕಳುಹಿಸಿದ ನಿರ್ಧಾರಕ್ಕೆ ತೆತ್ತ ಬೆಲೆಯಲ್ಲಿ ಇದನ್ನೂ ಸೇರಿಸಬೇಕು.

ಶರಾವತಿ ದಡ

ಹಳೆಯ ನಕಾಶೆ ಅವರ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಒಂದು ಮಾತು ಉಳಿಯುತ್ತದೆ. ಯುದ್ಧದಲ್ಲಿ ಹಡಗು ತನಗೆ ಬೇಕಾದ ಕತ್ತಲೆಯನ್ನೂ ಬೇಕಾದ ಎದುರಾಳಿಯನ್ನೂ ಆರಿಸಿಕೊಳ್ಳಲಾಗುವುದಿಲ್ಲ. 5 ಸೆಂಟಿಮೀಟರಿನ ತೋಪುಗಳೇ ಸಾಕೆಂದು 1898ರಲ್ಲಿ ತೀರ್ಮಾನಿಸಿದವರು, ಮುಂದೆ ಹದಿನೈದು ವರ್ಷ ಆ ದೋಣಿಗಳನ್ನು ಇಟ್ಟುಕೊಂಡವರು, ಹಗಲೂ ಬರುತ್ತದೆ ಎಂಬುದನ್ನು ಯೋಚಿಸಬೇಕಾಗಿತ್ತು. ಜರ್ಮನರೇ ಆಮೇಲಿನ ದೋಣಿಗಳಲ್ಲಿ ತೋಪಿನ ಗಾತ್ರವನ್ನು 8.8 ಸೆಂಟಿಮೀಟರಿಗೂ ಅದಕ್ಕಿಂತ ಮುಂದಕ್ಕೂ ಏರಿಸಿದ್ದನ್ನು ನೋಡಿದರೆ ಅವರಿಗೂ ಈ ಕೊರತೆ ತಿಳಿದಿತ್ತು ಎನ್ನಬೇಕಾಗುತ್ತದೆ.

ಉಗಿಮನೆ

ಇದು ಸರಿಯಾದ ಟೀಕೆ. ತೋಪಿನ ವಿಷಯದಲ್ಲಿ ನನಗೂ ಅದೇ ಅಭಿಪ್ರಾಯವಿದೆ. ಆದರೆ 1898ರಲ್ಲಿ 400 ಟನ್ನಿನ ಒಡಲಿನ ಮೇಲೆ ದೊಡ್ಡ ತೋಪುಗಳನ್ನು ಕೂರಿಸಿದ್ದರೆ ಆ ತೂಕಕ್ಕಾಗಿ ಕಲ್ಲಿದ್ದಲನ್ನೋ ಟಾರ್ಪಿಡೊವನ್ನೋ ಕಡಿಮೆ ಮಾಡಬೇಕಾಗುತ್ತಿತ್ತು. ತಗಡು ಕೆಲವೇ ಮಿಲಿಮೀಟರ್ ದಪ್ಪ, ಗುಂಡೇಟಿನ ಹಿಮ್ಮೆಟ್ಟುವ ಬಲವನ್ನು ತಾಳಲು ಡೆಕ್ಕಿನ ಕೆಳಗೆ ಕಂಬಗಳನ್ನು ಸೇರಿಸಬೇಕು, ಅದೂ ತೂಕವೇ. ಹಡಗು ದೊಡ್ಡದಾಗದೆ ತೋಪು ದೊಡ್ಡದಾಗುವಂತಿರಲಿಲ್ಲ. 1904ರ ಸುಮಾರಿಗೆ ಇದೇ ಮನೆತನದ ಎಸ್ 125ರಲ್ಲಿ ಟರ್ಬೈನನ್ನು ಪ್ರಯೋಗಿಸಿದ ಮೇಲೆ ಆ ಬೆಳವಣಿಗೆಗೆ ದಾರಿ ತೆರೆಯಿತು. ಟರ್ಬೈನ್ ಬಂದದ್ದರಿಂದ ಕ್ರ್ಯಾಂಕಿನ ಮೇಲೆ ಕೈಯಾಡಿಸುವ ಕೆಲಸವೂ ತಪ್ಪಿತು, ಎಂಜಿನ್ ಕೋಣೆಯವರಿಗೆ ಅದೇ ದೊಡ್ಡ ಸುಧಾರಣೆ.

ಅಳಿವೆಬಾಗಿಲು

ಎಲ್ಲರಿಗೂ ಧನ್ಯವಾದಗಳು. ಉಳಿದ ದೋಣಿಗಳ ಗತಿ ಏನಾಯಿತೆಂದು ಸಂದೇಶದಲ್ಲಿ ಒಬ್ಬರು ಕೇಳಿದ್ದಾರೆ. ಎಸ್ 97 ಮೊದಲಿನಿಂದಲೂ ಸ್ಲೈಪ್ನರ್ ಎಂಬ ಹೆಸರಿನಲ್ಲಿ ಚಕ್ರವರ್ತಿಯ ವಿಹಾರನೌಕೆ ಹೊಹೆನ್‌ಜೋಲರ್ನ್ ಜೊತೆಗೆ ಓಲೆಕಾರ ಹಡಗಾಗಿ ಓಡಾಡುತ್ತಿತ್ತು. ಯುದ್ಧ ಶುರುವಾದ ಮೇಲೆ ಹೊಸ ದೋಣಿಗಳಿಗೆ ಸಂಖ್ಯೆಗಳು ಬೇಕಾದುದರಿಂದ ಹಳೆಯವುಗಳ ಮುಂದಿನ ಕಾರ್ಖಾನೆಯ ಅಕ್ಷರವನ್ನು ತೆಗೆದು ಟಿ ಅಕ್ಷರವನ್ನು ಹಾಕಿದರು, ಎಸ್ 91 ಎಂಬುದು ಟಿ 91 ಆಯಿತು. ಕರಾವಳಿಯ ಕಾವಲು, ಬಂದರು ರಕ್ಷಣೆ, ಮೈನು ತೆಗೆಯುವ ಕೆಲಸಗಳಲ್ಲಿ ಅವು ಯುದ್ಧ ಮುಗಿಯುವವರೆಗೆ ದುಡಿದವು. ಉಳಿದುಕೊಂಡವುಗಳಲ್ಲಿ ಬಹುತೇಕ ದೋಣಿಗಳನ್ನು 1920ರ ಆಸುಪಾಸಿನಲ್ಲಿ ಒಡೆಯಲು ಮಾರಲಾಯಿತು.

ಮೂಲ ಪ್ರಶ್ನೆಗೆ ಸಂಬಂಧಿಸಿದಂತೆ, ಶರಾವತಿ ದಡ ಅವರ ತೋಪಿನ ಆಕ್ಷೇಪವನ್ನು ಒಪ್ಪಿಕೊಂಡೇ ನಾನು ಚಿಂಗ್‌ಟಾವ್ ಕಡೆಗೆ ನಿಲ್ಲುತ್ತೇನೆ. ತಿರ್ಪಿಟ್ಸ್ ಅವರ ಕಾಲದಿಂದ ಅಭ್ಯಾಸ ಮಾಡಿಸಿದ್ದ ರಾತ್ರಿಯ ಗುಟ್ಟಿನ ದಾಳಿಯನ್ನು, ಅದಕ್ಕೆಂದೇ ಕಟ್ಟಿದ ದೋಣಿ, ಒಂಟಿಯಾಗಿ, ಮುತ್ತಿಗೆಯ ನಡುವಿನಿಂದ ನಡೆಸಿ ತೋರಿಸಿದ್ದು ಅಲ್ಲಿ. ಡಿ ದೋಣಿಗಳ ಬಗ್ಗೆ, ಅದರಲ್ಲೂ ಇಂಗ್ಲೆಂಡಿನ ಥಾರ್ನಿಕ್ರಾಫ್ಟ್‌ನಿಂದ ತರಿಸಿಕೊಂಡ ಡಿ 10ರ ಬಗ್ಗೆ ಹಳೆಯ ನಕಾಶೆ ಅವರು ಪ್ರತ್ಯೇಕವಾಗಿ ಬರೆಯುವುದಾದರೆ ನಾನು ಶಿಖಾವ್ ಬೇರೆ ದೇಶಗಳಿಗೆ ಕಟ್ಟಿಕೊಟ್ಟ ದೋಣಿಗಳ ವಿವರಗಳನ್ನು ಅಲ್ಲಿ ಸೇರಿಸುತ್ತೇನೆ.